ಕೇಳದೇ ಉಳಿದ ಪ್ರಶ್ನೆ, ಕಪ್ಪು-ಬಿಳುಪಿನ ಸಹೋದರ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಮಧ್ಯಯುಗದ ಯುರೋಪಿನ ವೀರಕಾವ್ಯಗಳ ಸಂಕೇತಗಳ ಬಗ್ಗೆ ಮಾತನಾಡುತ್ತೇನೆ ಎಂದಾಗ, ‘ಅದು ನಮಗೇಕೆ?’ ಎಂದು ಸ್ನೇಹಿತರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ 1187ರಲ್ಲಿ ಜೆರುಸಲೇಮನ್ನು ಮರಳಿ ಪಡೆದ ಮೇಲೆ ಯುರೋಪಿನ ದೊರೆಗಳು ಮತ್ತೆ ಕ್ರುಸೇಡಿಗೆ ಹೊರಟರು. ಆ ಬಿಸಿ ಆರುವ ಮೊದಲೇ, ಸುಮಾರು 1200ರಿಂದ 1210ರ ನಡುವೆ, ವೋಲ್ಫ್ರಾಮ್ ಫಾನ್ ಎಶೆನ್‌ಬಾಖ್ ಎಂಬ ಜರ್ಮನ್ ಕವಿ ‘ಪಾರ್ಜಿವಾಲ್’ ಎಂಬ ಕಾವ್ಯ ಬರೆದ. ಸುಮಾರು 25,000 ಸಾಲುಗಳ ಕಾವ್ಯ. ನನಗೆ ಜರ್ಮನ್ ಬಾರದು, ಇಂಗ್ಲಿಷ್ ಅನುವಾದದಲ್ಲಿ ಓದಿದವನು.

ಕಥಾನಾಯಕ ಪಾರ್ಜಿವಾಲನ ತಂದೆ ಯುದ್ಧದಲ್ಲಿ ಸತ್ತಿದ್ದಾನೆ. ಮಗನೂ ನೈಟ್ ಆಗಿ ಸಾಯಬಾರದೆಂದು ತಾಯಿ ಅವನನ್ನು ಕಾಡಿನಲ್ಲಿ ಬೆಳೆಸುತ್ತಾಳೆ. ಹುಡುಗ ಹಟ ಹಿಡಿದು ಹೊರಟಾಗ ಕೋಡಂಗಿಯ ಬಟ್ಟೆ ಹೊಲಿದು ತೊಡಿಸುತ್ತಾಳೆ. ಜನ ನಕ್ಕರೆ ಮನೆಗೆ ಮರಳಿಯಾನೆಂಬ ಆಸೆ. ಅವನೋ ಒಬ್ಬ ವೀರನನ್ನು ಕೊಂದು, ಅವನ ಕೆಂಪು ಕವಚವನ್ನು ಆ ಬಟ್ಟೆಯ ಮೇಲೆಯೇ ತೊಡುತ್ತಾನೆ. ಹೊರಗೆ ವೀರ, ಒಳಗೆ ಅರಿವಿಲ್ಲದ ಹುಡುಗ. ಸತ್ತವನು ತನ್ನ ರಕ್ತಸಂಬಂಧಿ ಎಂದು ತಿಳಿಯುವುದು ಬಹಳ ತಡವಾಗಿ.

ಮುಂದೆ ಒಬ್ಬ ಗುರು ಅವನಿಗೆ ಸಭ್ಯತೆ ಕಲಿಸುತ್ತಾನೆ: ಹೆಚ್ಚು ಪ್ರಶ್ನೆ ಕೇಳಬೇಡ. ಹುಡುಗ ಅದನ್ನು ಅಕ್ಷರಶಃ ಪಾಲಿಸುತ್ತಾನೆ. ಗ್ರೇಲ್ ಎಂಬ ಪವಿತ್ರ ಶಿಲೆಯಿರುವ ಕೋಟೆಗೆ ಬರುತ್ತಾನೆ. ಅಲ್ಲಿಯ ಅರಸನಿಗೆ ವಾಸಿಯಾಗದ ಗಾಯ, ಕೂರಲಾಗದು, ನಿಲ್ಲಲಾಗದು. ಪಾರ್ಜಿವಾಲ್ ಎಲ್ಲವನ್ನೂ ನೋಡುತ್ತಾನೆ, ಊಟ ಮಾಡುತ್ತಾನೆ, ಏನೂ ಕೇಳದೆ ಮಲಗುತ್ತಾನೆ. ಬೆಳಿಗ್ಗೆ ಎದ್ದರೆ ಕೋಟೆಯಲ್ಲಿ ಯಾರೂ ಕಾಣುವುದಿಲ್ಲ. ‘ನಿಮಗೇನು ನೋವು’ ಎಂದು ಕೇಳಿದ್ದರೆ ಗಾಯ ಮಾಯುತ್ತಿತ್ತು! ಆ ಒಂದು ಮಾತಿಗಾಗಿ ಅವನು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಆ ಅರಸ ತನ್ನ ಸೋದರಮಾವನೆಂದೂ ಆಮೇಲೆಯೇ ತಿಳಿಯುತ್ತದೆ. ಮೇಷ್ಟ್ರಾಗಿ ನನಗೆ ಈ ಭಾಗ ಓದುವಾಗ ಮುಜುಗರವಾಯಿತು. ‘ಸುಮ್ಮನೆ ಕೂತ್ಕೋ’ ಎಂದು ನಾನು ಎಷ್ಟು ಮಕ್ಕಳಿಗೆ ಹೇಳಿಲ್ಲ!

ಇನ್ನು ಕಾವ್ಯದ ಕೊನೆಯ ಯುದ್ಧ. ಎದುರಾಳಿ ಪೂರ್ವದೇಶದಿಂದ ಬಂದ ಅರಸ ಫೈರೆಫಿಜ್. ಪಾರ್ಜಿವಾಲನ ತಂದೆ ಹಿಂದೆ ಬಗ್ದಾದಿನ ದೊರೆಯ ಸೇವೆಯಲ್ಲಿದ್ದು, ಬೆಲಕಾನೆ ಎಂಬ ಕಪ್ಪು ರಾಣಿಯನ್ನು ಮದುವೆಯಾಗಿದ್ದ. ಅವಳ ಮಗನೇ ಇವನು. ಮೈಯೆಲ್ಲ ಕಪ್ಪು-ಬಿಳುಪು, ಮ್ಯಾಗ್ಪೈ ಹಕ್ಕಿಯಂತೆ. ನಮ್ಮ ಮಡಿವಾಳ ಹಕ್ಕಿಯನ್ನು ನೆನೆಸಿಕೊಳ್ಳಿ. ಕಾವ್ಯದ ಆರಂಭದಲ್ಲೇ ಕವಿ ಈ ಹಕ್ಕಿಯನ್ನು ತಂದು, ಮನುಷ್ಯನ ಎದೆಯಲ್ಲಿ ಎರಡೂ ಬಣ್ಣಗಳಿರುತ್ತವೆ ಎಂದಿದ್ದ. ಹೋರಾಟದಲ್ಲಿ ಪಾರ್ಜಿವಾಲನ ಖಡ್ಗ ಮುರಿಯುತ್ತದೆ. ಅದು ಆ ಸತ್ತ ಬಂಧುವಿನಿಂದ ಕಿತ್ತುಕೊಂಡ ಖಡ್ಗ. ಫೈರೆಫಿಜ್ ಒಂದೇ ಏಟಿಗೆ ಮುಗಿಸಬಹುದಿತ್ತು. ಬರಿಗೈಯವನನ್ನು ಗೆದ್ದರೆ ಏನು ಕೀರ್ತಿ ಎಂದು ತನ್ನ ಖಡ್ಗವನ್ನೂ ದೂರ ಎಸೆಯುತ್ತಾನೆ. ನಿನ್ನ ಮುಖ ತೋರಿಸು ಎನ್ನುತ್ತಾನೆ ಪಾರ್ಜಿವಾಲ್. ಅಣ್ಣನ ಮೈ ಬರೆದ ಚರ್ಮಪತ್ರದಂತೆ ಎಂದು ಅವನು ಕೇಳಿದ್ದ. ಶಿರಸ್ತ್ರಾಣ ತೆಗೆದೊಡನೆ ಗುರುತು ಸಿಗುತ್ತದೆ. ಕ್ರುಸೇಡಿನ ದಿನಗಳಲ್ಲಿ, ಗೆಲುವಿಗಿಂತ ದೊಡ್ಡ ಔದಾರ್ಯವನ್ನು ಕವಿ ‘ಅನ್ಯಧರ್ಮೀಯ’ನ ಕೈಗೆ ಕೊಟ್ಟಿದ್ದಾನೆ.

ಹಾಗೆಂದು ಹೊಗಳಿಕೆಯಲ್ಲೇ ನಿಲ್ಲಲಾರೆ. ಬಗ್ದಾದಿನ ಕಡೆಯವರು ಜುಪಿಟರ್, ಜೂನೋ ದೇವತೆಗಳನ್ನು ಪೂಜಿಸುತ್ತಾರೆಂದು ಇದೇ ಕವಿ ಬರೆಯುತ್ತಾನೆ. ತೌಹೀದಿನ ಗಂಧಗಾಳಿಯೂ ಅವನಿಗಿಲ್ಲ. ಫೈರೆಫಿಜ್‌ಗೆ ಗ್ರೇಲ್ ಕಾಣಿಸುವುದು ದೀಕ್ಷಾಸ್ನಾನದ ನಂತರವೇ. ಸಹೋದರನೆಂದು ಅಪ್ಪಿದವನನ್ನು ಅವನಿರುವಂತೆಯೇ ಒಳಗೆ ಬಿಟ್ಟುಕೊಳ್ಳಲು ಕವಿಗೆ ಆಗಲಿಲ್ಲ.

ಆದರೆ ಅದೇ ಕಾವ್ಯದಲ್ಲಿ, ಪಾರ್ಜಿವಾಲನೇ ಗ್ರೇಲಿನ ಅರಸನೆಂದು ಸಾರುವ ಕುಂಡ್ರಿ ಎಂಬವಳು ಗ್ರಹಗಳ ಹೆಸರು ಹೇಳುವುದು ಅರಬಿಯಲ್ಲಿ! ಉಚ್ಚಾರ ಕೆಟ್ಟಿದ್ದರೂ ಝುಹಲ್, ಮುಶ್ತರಿ, ಶಮ್ಸ್, ಖಮರ್ ಎಂದು ಗುರುತಿಸಬಹುದು. ನಮ್ಮವರ ಖಗೋಳ ಗ್ರಂಥಗಳು ಆಗ ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪಿನಲ್ಲಿ ಓದಲ್ಪಡುತ್ತಿದ್ದವು. ಖಡ್ಗ ಹೋಗದ ದಾರಿಯಲ್ಲಿ ಕಿತಾಬು ಹೋಗಿತ್ತು.

ಕೊನೆಗೆ ಪಾರ್ಜಿವಾಲ್ ಮಾವನ ಮುಂದೆ ನಿಂತು, ಕಣ್ಣೀರು ಹಾಕುತ್ತಾ ಆ ಪ್ರಶ್ನೆ ಕೇಳುತ್ತಾನೆ. ಗಾಯ ಮಾಯುತ್ತದೆ. ಫೈರೆಫಿಜ್ ಹೆಂಡತಿಯೊಡನೆ ಇಂಡಿಯಾಕ್ಕೆ ತೆರಳಿದನೆಂದು ಕವಿ ಹೇಳುತ್ತಾನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹಿಂದಿನ ಸಾಲಿನ ಮಕ್ಕಳು ಏನಾದರೂ ಕೇಳುವುದಿದ್ದರೆ ಮೊದಲು ಅವರು ಕೇಳಲಿ.