ಸುಟ್ಟ ಹಡಗನ್ನು ಗುಜರಿಗೆ ಹಾಕಲಿಲ್ಲ

ಇವತ್ತು ರಾಜಕೀಯ ಬಿಟ್ಟು ಒಂದು ಹಡಗಿನ ಬಗ್ಗೆ ಮಾತಾಡ್ತೀನಿ. ಹೆಸರು ಅಲ್ಮಿರಾಂಟೆ ಇರಿಸಾರ್. ಅರ್ಜೆಂಟೀನಾ ನೌಕಾಪಡೆಯ ಮಂಜುಗಡ್ಡೆ ಒಡೆಯುವ ಹಡಗು. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಕಟ್ಟಿದ್ದು, 1978ರಲ್ಲಿ ಸೇವೆಗೆ ಸೇರಿತು.

ಮಂಜು ಒಡೆಯೋದು ಅಂದ್ರೆ ಮೂತಿಯಿಂದ ಗುದ್ದೋದು ಅಂದುಕೊಂಡಿರ್ತೀವಿ. ಹಾಗಲ್ಲ. ಇಳಿಜಾರಾದ ಮೂತಿ ಮಂಜಿನ ಮೇಲೆ ಹತ್ತುತ್ತೆ, ಹಡಗಿನ ಭಾರಕ್ಕೆ ಕೆಳಗಿನ ಮಂಜು ಮುರಿಯುತ್ತೆ. ಡೀಸೆಲ್ ಎಂಜಿನ್ ವಿದ್ಯುತ್ ತಯಾರಿಸುತ್ತೆ, ಮೋಟಾರು ಪ್ರೊಪೆಲ್ಲರ್ ತಿರುಗಿಸುತ್ತೆ. ಮಂಜು ಅಡ್ಡ ಸಿಕ್ಕಿ ವೇಗ ಇಳಿದಾಗಲೂ ಮೋಟಾರು ಬಲ ಬಿಡಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇದು ತುಂಬಾ ಇಷ್ಟದ ವಿಷಯ, ಇರಲಿ.

ಹೂಲಿಯನ್ ಇರಿಸಾರ್ ಅನ್ನೋ ಅಧಿಕಾರಿ 1903ರಲ್ಲಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕಿಬಿದ್ದಿದ್ದ ಸ್ವೀಡನ್ನಿನ ನೋರ್ಡೆನ್‌ಶೋಲ್ಡ್ ತಂಡವನ್ನು ಉಳಿಸಿದವರು. ಅವರ ಹೆಸರಿನ ಹಡಗು 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಮೊದಲು ಸೈನಿಕರನ್ನು ಇಳಿಸೋ ಪಡೆಯಲ್ಲಿತ್ತು. ಆಮೇಲೆ ಅದೇ ಹಡಗಿಗೆ ರೆಡ್ ಕ್ರಾಸ್ ಗುರುತು ಹಾಕಿ ಆಸ್ಪತ್ರೆ ಮಾಡಿದ್ರು! 2002ರಲ್ಲಿ ಮಂಜಿನಲ್ಲಿ ಸಿಕ್ಕಿದ್ದ ಮಗ್ದಲೇನಾ ಓಲ್ಡೆನ್‌ಡಾರ್ಫ್ ಹಡಗಿನ ನೆರವಿಗೆ ನಡುಚಳಿಗಾಲದಲ್ಲಿ ಹೊರಟಿದ್ದೂ ಇದೇ.

ಆಮೇಲೆ 2007ರ ಏಪ್ರಿಲ್ 10. ಅಂಟಾರ್ಕ್ಟಿಕಾದಿಂದ ವಾಪಸ್ ಬರ್ತಿದ್ದಾಗ, ಪ್ಯಾಟಗೋನಿಯಾ ತೀರದಾಚೆ, ರಾತ್ರಿ ಹೊತ್ತು ಜನರೇಟರ್ ವಿಭಾಗದಲ್ಲಿ ಬೆಂಕಿ. ಹಡಗಲ್ಲಿ ಸುಮಾರು 300 ಜನ. ಕ್ಯಾಪ್ಟನ್ ಗಿಯೆರ್ಮೊ ತಾರಪೋ ಎಲ್ಲರನ್ನೂ ರಕ್ಷಣಾ ದೋಣಿಗಳಿಗೆ ಇಳಿಸಿದ್ರು. ತಾವು ಮಾತ್ರ ಉರಿಯುವ ಹಡಗಲ್ಲೇ ಉಳಿದ್ರು. ಒಬ್ಬರೂ ಸಾಯಲಿಲ್ಲ ಕಣ್ರೀ. ಕತ್ತಲು, ತಣ್ಣೀರು, ನಡುಸಮುದ್ರ, ಅಷ್ಟು ಜನ. ಯೋಚನೆ ಮಾಡಿ.

ಹಡಗಿನ ಒಳಭಾಗ ಬೆಂದು ಹೋಗಿತ್ತು. ಹೊಸದು ಕೊಳ್ಳೋದಾ, ಇದನ್ನೇ ರಿಪೇರಿ ಮಾಡೋದಾ? ಬ್ಯೂನಸ್ ಐರಿಸ್‌ನ ತಾಂಡನೋರ್ ಹಡಗುಕಟ್ಟೆಯಲ್ಲಿ ರಿಪೇರಿ ಅಂತ ತೀರ್ಮಾನವಾಯಿತು. ಆಗಿದ್ದು ಯಾವಾಗ? 2017ಕ್ಕೆ! ಹತ್ತು ವರ್ಷ. ಇದು ವಿಳಂಬವೇ, ಅದಕ್ಕೆ ನಾನು ಬೇರೆ ಹೆಸರು ಕೊಡಲ್ಲ. ಆದರೆ ಕೆಲಸ ಕಲಿತ ಕೈಗಳು ಅವರ ದೇಶದಲ್ಲೇ ಉಳಿದವು, ಪ್ರಯೋಗಾಲಯಗಳಿಗೆ ಮೊದಲಿಗಿಂತ ಹೆಚ್ಚು ಜಾಗ ಸಿಕ್ತು. ನಾನು ರಿಪೇರಿ ಪಕ್ಷ.

ಆ ನಡುವೆ ಅವರು ಬಾಡಿಗೆ ಹಡಗು ಹುಡುಕಬೇಕಾಯಿತು. ಅದರಲ್ಲೊಂದು ರಷ್ಯಾದ ವಾಸಿಲಿ ಗೊಲೋವ್ನಿನ್. ಈ ಹೆಸರು ನೆನಪಿಟ್ಟುಕೊಳ್ಳಿ. 2021ರಲ್ಲಿ ಗೋವಾದಿಂದ ಹೊರಟ ನಮ್ಮ 40ನೇ ಅಂಟಾರ್ಕ್ಟಿಕಾ ಯಾತ್ರೆ ಹೋದದ್ದೂ ಅದೇ ಹಡಗಲ್ಲಿ, ಅದೂ ಬಾಡಿಗೆಗೆ. 1981ರ ಮೊದಲ ಯಾತ್ರೆಗೂ ನಾರ್ವೆಯ ಬಾಡಿಗೆ ಹಡಗೇ. ಮೈತ್ರಿ, ಭಾರತಿ ಅಂತ ಎರಡು ಕೇಂದ್ರ ನಡೆಸೋ ನಾವು, ನಲವತ್ತು ವರ್ಷ ಕಳೆದ್ರೂ ಬಾಡಿಗೆ ಹಡಗಲ್ಲೇ ಹೋಗ್ತಿದ್ವಿ.

ಇರಿಸಾರ್ 2017-18ರ ಬೇಸಿಗೆಯಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟಿತು.