ಮಹಾಪುರುಷರ ಬಾಲ್ಯವೂ ಸಮಾಜದ ಹೊಣೆಯೂ
(ಒಂದು ವಾಚನಾಲಯದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ನಾಣ್ಣುಡಿಯನ್ನು ಅರಿಯದ ಕನ್ನಡಿಗನಿಲ್ಲ. ಮಹಾಪುರುಷರ ಚರಿತ್ರೆಗಳನ್ನು ಬರೆಯುವವರು ಇದನ್ನೇ ಸೂತ್ರವಾಗಿ ಹಿಡಿದು, ಅವರ ಬಾಲ್ಯದ ಆಟಪಾಟಗಳಲ್ಲಿಯೂ ಮುಂದಣ ಮಹಿಮೆಯ ಕುರುಹುಗಳನ್ನು ಹುಡುಕುತ್ತಾರೆ. ಇದರ ಜತೆಗೆ ಇನ್ನೊಂದು ಮಾತೂ ರೂಢಿಯಲ್ಲಿದೆ: ಬಡತನವೇ ದೊಡ್ಡತನದ ತಾಯಿ, ಕಷ್ಟದಲ್ಲಿ ಬೆಳೆದವನೇ ಹೆಸರು ಪಡೆಯುವನು, ಎಂದು. ಕೇಳುವುದಕ್ಕೆ ಇದು ಹಿತವಾಗಿದೆ. ಆದರೆ ಬಡತನವೇ ಮಹಾಪುರುಷರನ್ನು ಹೆರುವಂತಿದ್ದರೆ, ನಮ್ಮ ನಾಡಿನ ಒಂದೊಂದು ಹಳ್ಳಿಯಲ್ಲಿಯೂ ಹತ್ತಾರು ಮಹಾಪುರುಷರಿರಬೇಕಾಗಿತ್ತು. ಹಾಗಿಲ್ಲವೆಂಬುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಹಾಗಾದರೆ ಬಾಲ್ಯವು ಮನುಷ್ಯನಿಗೆ ಕೊಡುವುದೇನು? ಅದು ಕೊಡಲಾರದುದೇನು? ಈ ಪ್ರಶ್ನೆಯನ್ನು ಒಬ್ಬ ಮಹನೀಯನ ಜೀವನದ ಒರೆಗಲ್ಲಿಗೆ ತಿಕ್ಕಿ ನೋಡುವುದೇ ನಮ್ಮ ಇಂದಿನ ಉದ್ದೇಶ. ಆ ಮಹನೀಯನು ವಿದ್ಯುಚ್ಛಕ್ತಿಯ ಶಾಸ್ತ್ರಕ್ಕೆ ಹೊಸ ದಾರಿಯನ್ನು ತೆರೆದ ಮೈಕೇಲ್ ಫ್ಯಾರಡೆ.

ಫ್ಯಾರಡೆಯು 1791ನೆಯ ಇಸವಿಯ ಸಪ್ಟಂಬರ್ 22ರಂದು ಲಂಡನ್ ಪಟ್ಟಣದ ಬಳಿಯ ನ್ಯೂಯಿಂಗ್ಟನ್ ಎಂಬಲ್ಲಿ ಹುಟ್ಟಿದನು. ತಂದೆ ಕಮ್ಮಾರ, ಮೇಲಾಗಿ ರೋಗಪೀಡಿತ. 1801ರಲ್ಲಿ ಧಾನ್ಯದ ಬೆಲೆ ಏರಿದ ಕಾಲದಲ್ಲಿ ಹುಡುಗನ ಪಾಲಿಗೆ ವಾರಕ್ಕೆ ಒಂದೇ ರೊಟ್ಟಿ. ಏಳು ದಿನಗಳೂ ಅದರಲ್ಲಿಯೇ ಕಳೆಯಬೇಕು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟೇ. ಹದಿಮೂರರ ವಯಸ್ಸಿನಲ್ಲಿ ಆತನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಸೇರಿ ಮನೆಮನೆಗೆ ವೃತ್ತಪತ್ರಿಕೆಗಳನ್ನು ಮುಟ್ಟಿಸತೊಡಗಿದನು. ಮರುವರ್ಷ, 1805ರಲ್ಲಿ, ಏಳು ವರ್ಷಗಳ ಕರಾರಿನ ಮೇಲೆ ಅಲ್ಲಿಯೇ ಪುಸ್ತಕಕ್ಕೆ ರಟ್ಟು ಕಟ್ಟುವ ಕಸಬನ್ನು ಕಲಿಯಲು ನಿಂತನು.

ಈ ಏಳು ವರ್ಷಗಳೇ ಫ್ಯಾರಡೆಯ ವಿದ್ಯಾಪೀಠ. ಹಗಲು ಹೊಲಿದ ಪುಸ್ತಕವನ್ನು ಬಿಡುವಾದಾಗ ಆತನು ಓದುತ್ತಿದ್ದನು. ವಿಶ್ವಕೋಶವೊಂದಕ್ಕೆ ರಟ್ಟು ಕಟ್ಟುವಾಗ ಅದರಲ್ಲಿಯ ವಿದ್ಯುತ್ತಿನ ಲೇಖನವು ಕಣ್ಣಿಗೆ ಬಿದ್ದಿತು. ಜೇನ್ ಮಾರ್ಸೆಟ್ ಎಂಬ ಮಹಿಳೆಯು ರಸಾಯನಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ತಿಳಿಸಿ ಬರೆದ ಪುಸ್ತಕವೂ ಕೈಗೆ ಬಂದಿತು. ಅದರಲ್ಲಿ ಹೇಳಿದ್ದನ್ನು ಸುಮ್ಮನೆ ನಂಬದೆ, ಕೈಯಲ್ಲಿದ್ದ ಕೆಲವೇ ಕಾಸುಗಳಲ್ಲಿ ಸಾಮಾನು ಕೊಂಡು, ಸಾಧ್ಯವಾದಷ್ಟನ್ನು ತಾನೇ ಪ್ರಯೋಗ ಮಾಡಿ ನೋಡಿದನು. ಲೋಕವಿಖ್ಯಾತನಾಗಿ ಮುದುಕನಾದ ಮೇಲೂ ಆ ಮಹಿಳೆಯನ್ನು ತನ್ನ ಗುರುವೆಂದು ಕೃತಜ್ಞತೆಯಿಂದ ನೆನೆದನು. ಆ ಪುಸ್ತಕವು ಲ್ಯಾಟಿನ್ ಭಾಷೆಯಲ್ಲಿದ್ದರೆ ಫ್ಯಾರಡೆಯ ಪಾಲಿಗೆ ಅದು ಇಲ್ಲದಂತೆಯೇ ಆಗುತ್ತಿತ್ತು. ತಾಯ ಮಾತಿನಲ್ಲಿದ್ದುದರಿಂದಲೇ ಕಮ್ಮಾರನ ಮಗನಿಗೆ ಶಾಸ್ತ್ರದ ಬಾಗಿಲು ತೆರೆಯಿತು.

ಇನ್ನು ಈ ಬಾಲ್ಯವು ಆತನ ಸಾಧನೆಯಲ್ಲಿ ಎಲ್ಲಿ ಕಾಣುವುದೆಂಬುದನ್ನು ನೋಡೋಣ.

ಮೊದಲನೆಯದು ಕೈಯ ಹದ. 1831ರ ಅಗಸ್ಟ್ 29ರಂದು ಫ್ಯಾರಡೆಯು ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಾಮ್ರದ ತಂತಿಯ ಸುರುಳಿಗಳನ್ನು ಸುತ್ತಿದನು. ಒಂದು ಸುರುಳಿಗೆ ಬ್ಯಾಟರಿಯನ್ನು ಜೋಡಿಸಿದ ಕ್ಷಣದಲ್ಲಿಯೂ ಬಿಡಿಸಿದ ಕ್ಷಣದಲ್ಲಿಯೂ ಇನ್ನೊಂದು ಸುರುಳಿಯ ಬಳಿಯಿದ್ದ ಕಾಂತಸೂಜಿಯು ತಟಕ್ಕನೆ ಅಲುಗಿತು. ವಿದ್ಯುತ್ ಪ್ರೇರಣೆಯೆಂಬ ಮಹಾತತ್ತ್ವವು ಹೀಗೆ ಮನುಷ್ಯನ ವಶಕ್ಕೆ ಬಂದಿತು. ತಂತಿಗಳು ಒಂದನ್ನೊಂದು ತಾಗದಂತೆ ಆತನು ನಡುನಡುವೆ ಹಾಕಿದ್ದು ಹುರಿದಾರ ಮತ್ತು ಹತ್ತಿಯ ಬಟ್ಟೆ. ದಾರವೂ ಬಟ್ಟೆಯೂ ಪುಸ್ತಕ ಕಟ್ಟಿದ ಕೈಗೆ ಹೊಸವೇ?

ಎರಡನೆಯದು ಬರೆದಿಡುವ ನಿಯಮ. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನಸಂಸ್ಥೆಯಲ್ಲಿ ಹಂಫ್ರಿ ಡೇವಿಯು ಮಾಡಿದ ನಾಲ್ಕು ಉಪನ್ಯಾಸಗಳನ್ನು ಫ್ಯಾರಡೆಯು ಕೇಳಿದನು. ಕೇಳಿದ್ದನ್ನು ಚಿತ್ರಸಹಿತವಾಗಿ ಬರೆದು, ತಾನೇ ರಟ್ಟು ಕಟ್ಟಿ, ಡೇವಿಗೆ ಕಳಿಸಿದನು. ಕಲಿತ ಕಸಬೇ ಆತನ ಅರ್ಜಿಯಾಯಿತು. ಮುಂದೆ ತನ್ನ ಪ್ರಯೋಗಗಳನ್ನೆಲ್ಲ ದಿನಚರಿಯಲ್ಲಿ ಅಂಕೆ ಹಾಕಿ ಬರೆಯುತ್ತ ಹೋದನು. ಆ ಅಂಕೆಗಳು 16,000ವನ್ನು ಮೀರಿದವು. ಗೆದ್ದ ಪ್ರಯೋಗದಂತೆ ಸೋತ ಪ್ರಯೋಗಕ್ಕೂ ಅಲ್ಲಿ ಸ್ಥಾನವಿತ್ತು.

ಮೂರನೆಯದು ಒಂದು ಕೊರತೆ. ಫ್ಯಾರಡೆಗೆ ಉನ್ನತ ಗಣಿತವು ತಿಳಿಯದು. ಆದಕಾರಣ ಸಮೀಕರಣಗಳಿಂದ ಹೇಳಲಾಗದುದನ್ನು ಆತನು ಕಣ್ಣಿನಿಂದ ಕಂಡನು. ಕಾಗದದ ಮೇಲೆ ಕಬ್ಬಿಣದ ಪುಡಿಯನ್ನು ಉದುರಿಸಿ ಅಡಿಯಲ್ಲಿ ಅಯಸ್ಕಾಂತವನ್ನಿಟ್ಟರೆ ಮೂಡುವ ಗೆರೆಗಳನ್ನು ನೋಡಿ, ಅಯಸ್ಕಾಂತದ ಸುತ್ತಣ ಆಕಾಶವೆಲ್ಲ ಬಲರೇಖೆಗಳಿಂದ ತುಂಬಿದೆಯೆಂದು ಭಾವಿಸಿದನು. ಗಣಿತಪಂಡಿತರಲ್ಲಿ ಅನೇಕರಿಗೆ ಈ ಭಾವನೆಯು ಹಿಡಿಸಲಿಲ್ಲ.

ಆದರೆ ಸುಹೃದರೇ, ಇಲ್ಲಿ ನಾವು ಎಚ್ಚರದಿಂದಿರಬೇಕು. ಕೊರತೆಯೇ ಲೇಸೆಂದು ಇದರಿಂದ ಸಿದ್ಧಾಂತಮಾಡಲಾಗದು. ಫ್ಯಾರಡೆಯು ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ 1831ರಲ್ಲಿಯೇ ಸ್ಕಾಟ್ಲಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಎಂಬ ಶಿಶುವು ಜನಿಸಿತು. ಹಿಡುವಳಿಯುಳ್ಳ ಮನೆತನ, ಒಳ್ಳೆಯ ಶಾಲೆ, ಕೇಂಬ್ರಿಜ್‌ನ ಗಣಿತಶಿಕ್ಷಣ, ಎಲ್ಲವೂ ಆತನಿಗೆ ದೊರೆತವು. ಆ ಬಲರೇಖೆಗಳನ್ನು ಗಣಿತದ ಭಾಷೆಗೆ ತಂದವನು ಈತನೇ. 1857ರಲ್ಲಿ ಫ್ಯಾರಡೆಯು ಈ ತರುಣನಿಗೆ ಪತ್ರ ಬರೆದು, ಗಣಿತಜ್ಞರು ತಮ್ಮ ನಿರ್ಣಯಗಳನ್ನು ನಮ್ಮಂಥವರಿಗೂ ತಿಳಿಯುವ ಸಾಮಾನ್ಯ ಮಾತಿನಲ್ಲಿಯೂ ಹೇಳಬಾರದೇ ಎಂದು ಕೇಳಿದನು. ಆ ವಿನಯದ ಹಿಂದೆ ದೊರೆಯದ ಶಾಲೆಯ ನೋವು ಇಲ್ಲವೆಂದು ಯಾರು ಹೇಳಬಲ್ಲರು? ಒಬ್ಬನು ಬಡತನದಲ್ಲಿ ಬೆಳೆದನು, ಇನ್ನೊಬ್ಬನು ಅನುಕೂಲದಲ್ಲಿ. ಶಾಸ್ತ್ರಕ್ಕೆ ಇಬ್ಬರೂ ಬೇಕಾದರು.

ಆದುದರಿಂದ ಫ್ಯಾರಡೆಯನ್ನು ಬೆಳೆಸಿದ್ದು ಹಸಿವಲ್ಲ. ಹಸಿವಿನ ನಡುವೆಯೂ ತೆರೆದ ಕೆಲವು ಬಾಗಿಲುಗಳು. ಅಂಗಡಿಯ ಯಜಮಾನನು ಹುಡುಗನು ಪುಸ್ತಕ ಬಿಚ್ಚಿ ಓದಿದ್ದಕ್ಕೆ ಗದರಿಸಲಿಲ್ಲ. ತಂದೆಯಂತೆ ಕಮ್ಮಾರನಾದ ಅಣ್ಣ ರಾಬರ್ಟನು, ತಮ್ಮನು ವಿಜ್ಞಾನದ ಉಪನ್ಯಾಸ ಕೇಳಲೆಂದು ಒಂದೊಂದು ಷಿಲಿಂಗನ್ನು ತನ್ನ ದುಡಿಮೆಯಿಂದ ಕೊಟ್ಟನು. ಅಂಗಡಿಗೆ ಬರುತ್ತಿದ್ದ ಡ್ಯಾನ್ಸ್ ಎಂಬ ಗಿರಾಕಿಯು ಡೇವಿಯ ಉಪನ್ಯಾಸಗಳ ಚೀಟಿಗಳನ್ನು ಕೊಡಿಸಿದನು. ಇವುಗಳಲ್ಲಿ ಒಂದು ತಪ್ಪಿದ್ದರೂ ಕಥೆಯು ಬೇರೆಯಾಗುತ್ತಿತ್ತು. ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಫ್ಯಾರಡೆಯು ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ. ಡೇವಿಯೂ ಮೊದಲು ರಟ್ಟು ಕಟ್ಟುವ ಕಸಬನ್ನು ಬಿಡಬೇಡವೆಂದೇ ಬುದ್ಧಿ ಹೇಳಿದನು. 1813ರಲ್ಲಿ ಪ್ರಯೋಗಶಾಲೆಯ ಸಹಾಯಕನೊಬ್ಬನು ಜಗಳವಾಡಿ ಕೆಲಸ ಕಳೆದುಕೊಂಡ ಮೇಲೆಯೇ ಫ್ಯಾರಡೆಗೆ ಅಲ್ಲಿ ಎಡೆ ದೊರೆತದ್ದು. ಬಾಗಿಲು ತೆರೆಯದೆ ಹೋದ ಹುಡುಗರೆಷ್ಟೋ! ಅವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ.

ಫ್ಯಾರಡೆಯು ಇದನ್ನು ಮರೆಯಲಿಲ್ಲ. ಮಕ್ಕಳಿಗಾಗಿ 1825ರಲ್ಲಿ ಆರಂಭವಾದ ಕ್ರಿಸ್‌ಮಸ್ ಉಪನ್ಯಾಸಗಳನ್ನು 1827ರಿಂದ 1860ರ ವರೆಗೆ ಹತ್ತೊಂಬತ್ತು ಸಲ ತಾನೇ ನಡೆಸಿದನು. ಉರಿಯುವ ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ರಸಾಯನಶಾಸ್ತ್ರವನ್ನೆಲ್ಲ ತೋರಿಸಿದನು. ರಾಯಲ್ ಸೊಸೈಟಿಯ ಅಧ್ಯಕ್ಷಪದವಿ ತಾನಾಗಿ ಬಂದರೂ ಒಲ್ಲೆನೆಂದ ಈ ಪುರುಷನಿಗೆ ಮಕ್ಕಳೆದುರು ನಿಲ್ಲುವುದು ಕಿರಿದಾಗಿ ತೋರಲಿಲ್ಲ.

ಆ ಕಬ್ಬಿಣದ ಬಳೆಯ ಫಲವು ನಮ್ಮ ನಾಡಿಗೂ ಬಂದಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿ, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆ ಯಂತ್ರಗಳ ಒಳಗೆ ನಡೆದದ್ದು ಫ್ಯಾರಡೆಯು ಕಂಡ ವಿದ್ಯುತ್ ಪ್ರೇರಣೆಯೇ. ಲಂಡನ್ನಿನ ಅಂಗಡಿಕಾರನೊಬ್ಬನ ಔದಾರ್ಯವು ಕಾವೇರಿಯ ದಡದಲ್ಲಿ ದೀಪವಾಯಿತೆಂದರೆ ಅತಿಶಯೋಕ್ತಿಯಲ್ಲ.

ಸಹೋದರರೇ, ಮೊಳಕೆಯಲ್ಲಿ ಸಿರಿ ಇರಬಹುದು. ಆದರೆ ನೀರೆರೆಯುವವರಿಲ್ಲದ ಮೊಳಕೆಯು ಒಣಗುತ್ತದೆ. ಮಹಾಪುರುಷರ ಬಡತನವನ್ನು ಹೊಗಳುವುದು ಸುಲಭ. ಅದಕ್ಕೆ ಕಾಸು ಖರ್ಚಿಲ್ಲ. ಅವರಿಗೆ ಬಾಗಿಲು ತೆರೆದವರ ಕೆಲಸವನ್ನು ನಾವು ಮಾಡುವುದು ಕಷ್ಟ. ಈ ವಾಚನಾಲಯದ ಕಪಾಟಿನಲ್ಲಿ ವಿಜ್ಞಾನದ ಕನ್ನಡ ಪುಸ್ತಕಗಳು ಎಷ್ಟಿವೆ? ಕಸಬು ಕಲಿಯುವ ಹುಡುಗನು ಕೆಲಸ ಮುಗಿಸಿ ಬರುವ ಹೊತ್ತಿಗೆ ಈ ಬಾಗಿಲು ತೆರೆದಿರುತ್ತದೆಯೇ? ಚಂದಾ ಕೊಡಲಾರದವನಿಗೆ ಕೊಡುವ ಅಣ್ಣನೊಬ್ಬನು ನಮ್ಮಲ್ಲಿದ್ದಾನೆಯೇ? ಮುಂದಿನ ವಾರ್ಷಿಕೋತ್ಸವಕ್ಕೆ ನಾವು ಮತ್ತೆ ಸೇರುವಾಗ ವರದಿಯಲ್ಲಿ ಈ ಮೂರು ಪ್ರಶ್ನೆಗಳಿಗೆ ಉತ್ತರವಿರಲಿ ಎಂದು ಪ್ರಾರ್ಥಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.