ಹಾದಿಯ ಹಣ ಹಾದಿಗೇ ಸಲ್ಲಲಿ
(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕುಮಾರಪರ್ವತದ ಕಾಲುದಾರಿಯನ್ನು ದುರಸ್ತಿಗೊಳಿಸುವುದು ಹೇಗೆ, ಅದಕ್ಕೆ ಬೇಕಾದ ಹಣ ಎಲ್ಲಿಂದ ಬರಬೇಕು ಎಂಬ ಎರಡು ಪ್ರಶ್ನೆಗಳನ್ನು ಈ ದಿನ ನಿಮ್ಮ ಮುಂದಿಡಲು ಬಯಸುತ್ತೇನೆ. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು, ದಕ್ಷಿಣ ಕನ್ನಡದ ದಟ್ಟ ಕಾಡಿನಲ್ಲಿ ಏರಿ, ಗಿರಿಗದ್ದೆಯನ್ನು ಹಾಯ್ದು, ಹುಲ್ಲುಗಾವಲಿನ ನೆತ್ತಿಯ ಮೇಲೆ ಶೇಷಪರ್ವತವನ್ನು ದಾಟಿ, ಕೊಡಗಿನ ಸೀಮೆಯಲ್ಲಿರುವ 1,712 ಮೀಟರ್ ಎತ್ತರದ ಶಿಖರವನ್ನು ಈ ಹಾದಿ ಸೇರುತ್ತದೆ. ಇದರ ಮೇಲ್ಭಾಗವಿರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಪುಷ್ಪಗಿರಿಯೂ ಒಂದು. ಇಲ್ಲಿ ಹುಟ್ಟುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತಾಳೆ. ಆದ್ದರಿಂದ ಈ ಹಾದಿಯಿಂದ ಕೊಚ್ಚಿಹೋಗುವ ಮಣ್ಣು ಚಾರಣಿಗರ ಚಿಂತೆ ಮಾತ್ರವಲ್ಲ. ನದಿಯನ್ನು ನಂಬಿರುವ ಎಲ್ಲರ ಚಿಂತೆ.

2024ರ ಜನವರಿಯ ರಜಾದಿನಗಳಲ್ಲಿ ಇಲ್ಲಿ ಸೇರಿದ ಜನಸಂದಣಿಯ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಅದರ ಬೆನ್ನಿಗೇ ಸರ್ಕಾರ ಚಾರಣಕ್ಕೆ ತಡೆ ಹಾಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆನ್‌ಲೈನ್ ಟಿಕೆಟ್ ವ್ಯವಸ್ಥೆಯನ್ನು ತಂದು, ಒಂದು ಹಾದಿಗೆ ದಿನಕ್ಕೆ 300 ಜನರೆಂಬ ಮಿತಿಯನ್ನು ವಿಧಿಸಿತು. ಈ ಕ್ರಮ ಸ್ವಾಗತಾರ್ಹವೇ. ಆದರೆ ಈಗಾಗಲೇ ಕೊರೆದುಹೋಗಿರುವ ದಾರಿ ಸಂಖ್ಯೆಯ ಮಿತಿಯಿಂದಷ್ಟೇ ಮುಚ್ಚಿಕೊಳ್ಳುವುದಿಲ್ಲ.

ಹಾದಿಯನ್ನು ಕೆಡಿಸುವುದು ಕಾಲುಗಳು ಮಾತ್ರವಲ್ಲ. ತುಳಿದು ಗಟ್ಟಿಯಾದ ಮಣ್ಣಿನಲ್ಲಿ ನೀರು ಇಂಗದೆ ಹಾದಿಯುದ್ದಕ್ಕೂ ಹರಿಯತೊಡಗುತ್ತದೆ. ಇಳಿಜಾರಿಗೆ ನೇರವಾಗಿ ಸಾಗುವ ದಾರಿಯಾದರೆ ಮಳೆಗಾಲದಲ್ಲಿ ಅದೇ ಹಳ್ಳವಾಗುತ್ತದೆ. ಹಳ್ಳದಲ್ಲಿ ಕಾಲಿಡಲಾರದ ಚಾರಣಿಗರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲಿ ಎರಡನೆಯ ದಾರಿ, ಮುಂದೆ ಮೂರನೆಯ ದಾರಿ ಹುಟ್ಟುತ್ತದೆ. ಅಡಿಕೆ ತೋಟದ ಬಸಿಗಾಲುವೆಯನ್ನು ವರ್ಷವರ್ಷವೂ ಬಿಡಿಸುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೀರಿಗೆ ದಾರಿ ಕೊಡದಿದ್ದರೆ ದಾರಿಯೇ ನೀರಿನ ಪಾಲಾಗುತ್ತದೆ.

ಆದ್ದರಿಂದ ಯೋಜನೆಯ ಮೊದಲ ಹೆಜ್ಜೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಸಿಬ್ಬಂದಿಯೊಡನೆ ಮಳೆಯಲ್ಲಿಯೇ ಹಾದಿಯನ್ನು ನಡೆದು ನೋಡುವುದು. ನೀರು ಎಲ್ಲಿ ದಾರಿಗೆ ಇಳಿಯುತ್ತದೆ, ಎಲ್ಲಿ ಅದನ್ನು ಹೊರಕ್ಕೆ ತಿರುಗಿಸಬಹುದು ಎಂದು ಗುರುತು ಹಾಕಬೇಕು. ಅಂತಹ ಕಡೆ ದಾರಿಗೆ ಓರೆಯಾಗಿ ಕಲ್ಲಿನ ತಡೆಗಳನ್ನು ಕೂರಿಸಬೇಕು. ದಾರಿಯ ಮೈಯನ್ನು ಕಣಿವೆಯ ಬದಿಗೆ ತುಸು ವಾಲಿಸಬೇಕು. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದೆಂಬುದು ಕಾಲುದಾರಿ ಕೆಲಸದವರು ಎಲ್ಲೆಡೆ ಪಾಲಿಸುವ ನಿಯಮ. ಅದು ಮೀರಿದಲ್ಲಿ ತಿರುವು ಕೊಡಬೇಕು, ಇಲ್ಲವೇ ಕಲ್ಲು ಹಾಸಬೇಕು. ಅಡ್ಡದಾರಿಗಳನ್ನು ಮುಚ್ಚಿ, ಅಲ್ಲಿನ ಹುಲ್ಲೇ ಮರಳಿ ಚಿಗುರಲು ಬಿಡಬೇಕು. ಹುಲ್ಲುಗಾವಲಿನಲ್ಲಿ ಗಿಡ ನೆಡುವ ಉತ್ಸಾಹ ಬೇಡ. ಮಳೆ ನಿಂತ ಮೇಲೆ, ಬೆಂಕಿಯ ಕಾಲ ಬರುವ ಮುನ್ನ, ಮಣ್ಣಿನಲ್ಲಿ ಹಸಿಯಿರುವಾಗಲೇ ಈ ಕೆಲಸಗಳು ಮುಗಿಯಬೇಕು.

ಕಾಂಕ್ರೀಟ್ ಮೆಟ್ಟಿಲು ಹಾಕಿದರೆ ಒಂದೇ ಸಲಕ್ಕೆ ಮುಗಿಯಿತಲ್ಲವೇ ಎಂದು ಕೇಳುವವರಿದ್ದಾರೆ. ಕಾಂಕ್ರೀಟಿನ ಮೇಲೆ ನೀರು ಇನ್ನಷ್ಟು ವೇಗವಾಗಿ ಓಡಿ ಅಂಚಿನ ಮಣ್ಣನ್ನು ಕೊರೆಯುತ್ತದೆ. ಮೆಟ್ಟಿಲಿನಿಂದ ಮೊಣಕಾಲು ನೊಂದವರು ಪಕ್ಕದಲ್ಲಿಯೇ ನಡೆಯುತ್ತಾರೆ. ಮತ್ತೆ ಅದೇ ಕಥೆ.

ಇನ್ನು ಹಣದ ಮಾತು. ಸ್ವಾಗತ ಕಮಾನಿಗೆ, ವೀಕ್ಷಣಾ ಗೋಪುರಕ್ಕೆ ಅನುದಾನ ದೊರೆಯುವುದು ಸುಲಭ, ಉದ್ಘಾಟನೆಯೂ ಆಗುತ್ತದೆ. ಕಲ್ಲಿನ ತಡೆಯ ಹಿಂದೆ ತುಂಬಿದ ಮಣ್ಣನ್ನು ಪ್ರತಿ ವರ್ಷ ತೆಗೆಯುವ ಕೂಲಿಗೆ ಹಣ ಹುಟ್ಟುವುದಿಲ್ಲ. ಹಾದಿಗೆ ಬೇಕಾದುದು ಒಮ್ಮೆ ಬರುವ ದೊಡ್ಡ ಮೊತ್ತವಲ್ಲ. ತಪ್ಪದೆ ಬರುವ ಸಣ್ಣ ಮೊತ್ತ. ಉದಾಹರಣೆಗೆ, ಚಾರಣ ಶುಲ್ಕದಲ್ಲಿ ತಲಾ 50 ರೂಪಾಯಿಯನ್ನು ಹಾದಿಗೆಂದೇ ಮೀಸಲಿಟ್ಟರೆ, ದಿನಕ್ಕೆ 300 ಜನರಂತೆ 100 ದಿನಗಳಿಗೆ 15 ಲಕ್ಷ ರೂಪಾಯಿ ಆಗುತ್ತದೆ. ಅರ್ಧದಷ್ಟೇ ಜನ ಬಂದರೂ ಏಳೂವರೆ ಲಕ್ಷ. ಹುಲಿ ಮೀಸಲು ಪ್ರದೇಶಗಳಲ್ಲಿ ಪ್ರವೇಶ ಶುಲ್ಕವನ್ನು ಅಲ್ಲಿಯೇ ಉಳಿಸಿಕೊಂಡು ಬಳಸಲು ಸಂರಕ್ಷಣಾ ಪ್ರತಿಷ್ಠಾನಗಳಿವೆ. 2006ರ ಕಾನೂನು ತಿದ್ದುಪಡಿ ಅದಕ್ಕೆ ದಾರಿ ಮಾಡಿತು. ಹುಲಿ ಮೀಸಲು ಅಲ್ಲದ ಧಾಮಗಳಿಗೂ ಇಂತಹ ಏರ್ಪಾಡನ್ನು ಮಾಡಬೇಕೆಂದು ನಾವು ಕೇಳಬೇಕು. ಆ ಹಣದಲ್ಲಿ ಮೊದಲ ಪಾಲು ಬೆಟ್ಟದ ಬುಡದ ಊರುಗಳ ಕೆಲಸಗಾರರ ಕೂಲಿಗೆ ಸಲ್ಲಬೇಕು. ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಇಲ್ಲೊಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಹಾದಿಯ ಹಣ ಚಾರಣಿಗರ ತಲೆಯೆಣಿಕೆಯನ್ನೇ ಅವಲಂಬಿಸಿದರೆ, ಇಲಾಖೆಗೂ ಪಂಚಾಯಿತಿಗೂ ನಮಗೂ ಹೆಚ್ಚು ಜನ ಬರಲಿ ಎಂಬ ಆಸೆ ಹುಟ್ಟೀತು. ಆಗ 300 ಎಂಬುದು 500 ಆಗಲು ತಡವಾಗದು. ಆದುದರಿಂದ ಮಿತಿಯನ್ನು ಹಾದಿಯ ಸ್ಥಿತಿಯೇ ನಿರ್ಧರಿಸಬೇಕು. ಪ್ರತಿ ಮಳೆಗಾಲದ ನಂತರ ಗುರುತಿಟ್ಟ ಜಾಗಗಳಲ್ಲಿ ದಾರಿಯ ಅಗಲವನ್ನೂ ಕೊರೆತದ ಆಳವನ್ನೂ ಅಳೆಯಬೇಕು. ಅವು ಹೆಚ್ಚಿದ್ದರೆ ಆ ವರ್ಷದ ಸಂಖ್ಯೆ ಇಳಿಯಬೇಕು. ಕೊರತೆಯನ್ನು ಸರ್ಕಾರ ತುಂಬಿಕೊಡಬೇಕು. ಈ ಷರತ್ತಿಲ್ಲದ ನಿಧಿಯನ್ನು ನಾವು ಒಪ್ಪಬಾರದು.

ನಮ್ಮ ಕೈಯಲ್ಲಿ ಕಾನೂನಿನ ಒಂದು ಎಳೆಯೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಾದ ತಿದ್ದುಪಡಿಯಂತೆ, ಅರಣ್ಯ ಹಕ್ಕು ಕಾಯಿದೆ ಅನ್ವಯವಾಗುವ ಕಡೆಗಳಲ್ಲಿ ಧಾಮದ ನಿರ್ವಹಣಾ ಯೋಜನೆಯನ್ನು ಸಂಬಂಧಪಟ್ಟ ಗ್ರಾಮಸಭೆಯೊಡನೆ ಸಮಾಲೋಚಿಸಿಯೇ ರೂಪಿಸಬೇಕು. ಕುಕ್ಕೆಯ ಕಡೆಯವರೂ ಸೋಮವಾರಪೇಟೆಯ ಕಡೆಯವರೂ ತಂತಮ್ಮ ಗ್ರಾಮಸಭೆಯಲ್ಲಿ ಮೂರು ಅಂಶಗಳ ಠರಾವನ್ನು ಮಂಡಿಸಬೇಕೆಂಬುದು ನನ್ನ ವಿನಂತಿ: ಮಳೆಯಲ್ಲಿ ಹಾದಿಯ ಸಮೀಕ್ಷೆ, ಶುಲ್ಕದಲ್ಲಿ ಹಾದಿಯ ಪಾಲು, ಅಳತೆಗೆ ತಕ್ಕ ಮಿತಿ. ಠರಾವಿನ ಕರಡನ್ನು ತಂದಿದ್ದೇನೆ. ಓದಿ, ತಿದ್ದಿ, ನಿಮ್ಮ ಊರಿಗೆ ಒಯ್ಯಿರಿ.